ಮೂರನೇ ಲ್ಯಾಪ್‌ಗೆ ಗಾಡಿ ಯಾಕೆ ಸೋಲುತ್ತದೆ? ಬಿಸಿಲು ಸೀಮೆಯ ಟೈಮ್ ಟ್ರಯಲ್ ಕಾರುಗಳಿಗೆ ದೋಷ ನಿವಾರಣೆ ಕೈಪಿಡಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸ್ವಿಫ್ಟ್, ಪೋಲೊ, ಹಳೆಯ ಹೋಂಡಾ ಸಿಟಿ ಮಾಡಿಫೈ ಮಾಡಿಸಿ, ಟ್ರ್ಯಾಕಿನ ಒಂದು ಸುತ್ತು (ಲ್ಯಾಪ್) ಎಷ್ಟು ಬೇಗ ಮುಗಿಯುತ್ತದೆಂದು ಅಳೆಯುವ ಟೈಮ್ ಟ್ರಯಲ್‌ಗೆ ಹೋಗುವವರಿಗೆ ಟ್ರ್ಯಾಕ್ ಮನೆಯ ಹತ್ತಿರ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಬೇಕು. ಹೊಸಪೇಟೆ ರಸ್ತೆಯಲ್ಲಿ ವರ್ಷವಿಡೀ ತಕರಾರಿಲ್ಲದೆ ಓಡಿದ ಗಾಡಿ ಅಲ್ಲಿ ಮೂರನೇ ಲ್ಯಾಪ್‌ಗೇ ಕೈಕೊಡುತ್ತದೆ. ರಸ್ತೆಯಲ್ಲಿ ಅಕ್ಸಿಲರೇಟರ್ ಪೂರ್ತಿ ಒತ್ತುವುದು ಓವರ್‌ಟೇಕ್ ಮಾಡುವ ಕೆಲವೇ ಸೆಕೆಂಡು. ಟ್ರ್ಯಾಕ್‌ನಲ್ಲಿ ಎರಡು ನಿಮಿಷದ ಲ್ಯಾಪ್ ಆದರೆ ಅರ್ಧಕ್ಕೂ ಹೆಚ್ಚು ಹೊತ್ತು ಕಾಲು ನೆಲಕ್ಕಂಟಿರುತ್ತದೆ, ಮಿಕ್ಕ ಹೊತ್ತು ಬ್ರೇಕ್ ಮೇಲಿರುತ್ತದೆ. ಊರಲ್ಲಿ ಮುಚ್ಚಿಹೋಗಿದ್ದ ಸಣ್ಣ ದೋಷವೆಲ್ಲ ಅಲ್ಲಿ ಹೊರಗೆ ಬರುತ್ತದೆ.

ಬಾನೆಟ್ ಎತ್ತುವ ಮೊದಲು ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ತೊಂದರೆ ಎಷ್ಟನೇ ಲ್ಯಾಪ್‌ನಲ್ಲಿ ಶುರುವಾಯಿತು? ಎಲ್ಲಿ ಕಾಣಿಸಿತು: ನೇರ ದಾರಿಯಲ್ಲೋ, ಬ್ರೇಕ್ ಹಾಕುವಾಗಲೋ, ತಿರುವಿನಲ್ಲೋ? ಹತ್ತು ನಿಮಿಷ ತಣ್ಣಗಾದ ಮೇಲೆ ತಾನಾಗಿ ಸರಿಹೋಯಿತೇ?

ಸರಿಹೋಯಿತು ಎಂದರೆ ಕಾರಣ ಬಹುಪಾಲು ಕಾವು. ತಿರುವಿನಲ್ಲಿ ಮಾತ್ರ ಬರುತ್ತದೆ ಎಂದರೆ ಒಳಗಿನ ದ್ರವ (ಆಯಿಲ್ ಅಥವಾ ಪೆಟ್ರೋಲ್) ಒಂದು ಬದಿಗೆ ಸರಿಯುತ್ತಿದೆ, ಇಲ್ಲವೇ ಚಕ್ರ-ಸಸ್ಪೆನ್ಷನ್ ಕಡೆ ಕೈಯಾಡಿಸಬೇಕು. ನೇರ ದಾರಿಯಲ್ಲಿ ಮಾತ್ರ ಎಂದರೆ ಗಾಳಿ, ಪೆಟ್ರೋಲ್, ಕಿಡಿ, ಈ ಮೂರರಲ್ಲಿ ಒಂದು. ಮೊದಲ ಲ್ಯಾಪ್‌ನಿಂದಲೇ ಇದೆ ಎಂದರೆ ಹಿಂದಿನ ರಾತ್ರಿ ಗ್ಯಾರೇಜಿನಲ್ಲಿ ಏನು ಬಿಚ್ಚಿ ಕೂಡಿಸಿದ್ದೀರೋ ಅಲ್ಲಿಗೇ ಹೋಗಿ. ಈ ವಿಂಗಡಣೆಗೆ ಒಂದು ಪೈಸೆ ಖರ್ಚಿಲ್ಲ. ಆದರೂ ಹೆಚ್ಚಿನವರು ಇದನ್ನು ಬಿಟ್ಟು ನೇರ ಇಸಿಯು ಮ್ಯಾಪ್ (ಇಂಜಿನ್ನಿನ ಕಂಪ್ಯೂಟರಿಗೆ ತುಂಬಿಸಿದ ಪೆಟ್ರೋಲ್-ಕಿಡಿಯ ಕೋಷ್ಟಕ) ಮೇಲೆ ಅನುಮಾನಪಡುತ್ತಾರೆ. ಮ್ಯಾಪ್ ಕೊನೆಗೆ ನೋಡಬೇಕಾದ್ದು.

ಕೈಯಲ್ಲಿ ಇರಬೇಕಾದ ಸಾಮಾನು: ನಂಬಬಹುದಾದ ಒಂದು ಟೈರ್ ಗೇಜ್ (ಬಂಕಿನ ಗೇಜ್ ಬೇಡ), ಇನ್‌ಫ್ರಾರೆಡ್ ಥರ್ಮಾಮೀಟರ್, ಫೋನಿಗೆ ಕೂಡುವ ಒಬಿಡಿ ಡಾಂಗಲ್ (ಇಂಜಿನ್ ಕಂಪ್ಯೂಟರಿನ ಅಂಕಿ, ದೋಷದ ಕೋಡ್ ಓದುವ ಸಾಧನ), ಟಾರ್ಕ್ ರೆಂಚ್, ಮಲ್ಟಿಮೀಟರ್, ಸೀಲ್ ಒಡೆಯದ ಅರ್ಧ ಲೀಟರಿನ ಎರಡು ಬ್ರೇಕ್ ಆಯಿಲ್ ಬಾಟಲಿ, 5 ಲೀಟರ್ ಡಿಸ್ಟಿಲ್ಡ್ ವಾಟರ್, ಗಾಡಿಯಲ್ಲಿರುವ ಗ್ರೇಡಿನದೇ 1 ಲೀಟರ್ ಇಂಜಿನ್ ಆಯಿಲ್, ಹೋಸ್ ಕ್ಲಿಪ್, ಕೇಬಲ್ ಟೈ, ಫ್ಯೂಸು, ಸೀಮೆಸುಣ್ಣ, ದಪ್ಪ ಕೈಗವಸು, ಚಕ್ರಕ್ಕೆ ಕೊಡುವ ಅಡೆ, ಬೆಂಕಿ ಆರಿಸುವ ಸಿಲಿಂಡರ್.

ಇನ್ನೊಂದು ಮಾತು. ದೋಷ ಹುಡುಕುವ ನೆಪದಲ್ಲಿ ಹೊಸಪೇಟೆ–ಕೊಪ್ಪಳ ಚತುಷ್ಪಥದಲ್ಲೋ ತೋರಣಗಲ್ಲು ರಸ್ತೆಯಲ್ಲೋ ಪೂರ್ತಿ ವೇಗ ನೋಡಬೇಡಿ. ಅದಿರು ಲಾರಿ ಇಂಡಿಕೇಟರ್ ಹಾಕದೆ ತಿರುಗುತ್ತದೆ, ಎದುರಿನಿಂದ ಟ್ರ್ಯಾಕ್ಟರ್ ಬರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ, ಜೈಲು ಶಿಕ್ಷೆಗೂ ಅವಕಾಶವಿದೆ. ಮಾಮೂಲಿ ಇನ್ಶೂರೆನ್ಸ್ ಪಾಲಿಸಿ ರೇಸಿಗಾಗಲೀ ವೇಗ ಪರೀಕ್ಷೆಗಾಗಲೀ ಅನ್ವಯಿಸುವುದಿಲ್ಲ. ತಯಾರಕರು ಕೊಟ್ಟ ರೂಪವನ್ನೇ ಬದಲಿಸಿದ ಗಾಡಿಗೆ 52ನೇ ಕಲಮಿನ ತಕರಾರೂ ಇದೆ. ಹಾಗಾಗಿ ಟ್ರ್ಯಾಕಿನ ತನಕ ಅದನ್ನು ಟೋಯಿಂಗ್ ಗಾಡಿಯ ಮೇಲೆ ಹಾಕಿಕೊಂಡು ಹೋಗುವುದೇ ವಾಸಿ.

“ಎರಡು ಲ್ಯಾಪ್ ಚಲೋ ಎಳೀತು, ಆಮ್ಯಾಲೆ ಪಿಕಪ್ಪೇ ಇಲ್ಲ”

ಮೊದಲು ಲೆಕ್ಕ ನೋಡಿ. ಗಾಳಿ ಕಾದಷ್ಟೂ ತೆಳುವಾಗುತ್ತದೆ. 20 ಡಿಗ್ರಿಯ ಗಾಳಿಗೂ 42 ಡಿಗ್ರಿಯ ಗಾಳಿಗೂ ಸಾಂದ್ರತೆಯಲ್ಲಿ ಸುಮಾರು 7 ಶೇಕಡಾ ವ್ಯತ್ಯಾಸ. ಟರ್ಬೊ (ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಇಂಜಿನ್ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಬೆಳಗಿನ ಏಳಕ್ಕೆ ಬಂದ ಟೈಮು ಮಧ್ಯಾಹ್ನ ಎರಡಕ್ಕೆ ಬರಲಿಲ್ಲ ಎಂದರೆ ಅದು ದೋಷವಲ್ಲ. ಒಂದೇ ಸೆಷನ್ನಿನ (ಒಮ್ಮೆ ಟ್ರ್ಯಾಕಿಗಿಳಿದು ಹೊರಬರುವ ತನಕದ ಓಟ) ಒಳಗೆ ಇಳಿದರೆ ಮಾತ್ರ ಹುಡುಕಬೇಕು.

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ನಮ್ಮ ಕಡೆ ಧೂಳು ಒಂದೇ ಬಗೆಯದಲ್ಲ. ಸಂಡೂರು–ಹೊಸಪೇಟೆ ಕಡೆ ಅದಿರಿನ ಕೆಂಪು ಧೂಳು ನುಣ್ಣಗೆ, ಭಾರವಾಗಿರುತ್ತದೆ, ಕಾಗದದ ಫಿಲ್ಟರಿನ ಮಡಿಕೆಯ ಬುಡಕ್ಕೆ ಇಳಿದು ಕೂರುತ್ತದೆ. ರಾಯಚೂರಲ್ಲಿ ಹತ್ತಿ ಬರುವ ಕಾಲಕ್ಕೆ ಜಿನ್ನಿಂಗ್ ಮಿಲ್ಲುಗಳ ಆಸುಪಾಸು ಅರಳೆಯ ಎಳೆ ಹಾರಾಡುತ್ತದೆ. ಗಂಗಾವತಿ, ಸಿಂಧನೂರಿನ ರೈಸ್‌ಮಿಲ್ ಸುತ್ತ ಭತ್ತದ ಹೊಟ್ಟು. ಕೆಂಪು ಧೂಳು ಕುಡಿದ ಕಾಗದದ ಫಿಲ್ಟರನ್ನು ಏರ್ ಹೊಡೆದು ಮತ್ತೆ ಹಾಕಬೇಡಿ, ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಹೊಸದು ಹಾಕಿ. ತೊಳೆದು ಆಯಿಲ್ ಹಚ್ಚುವ ‘ಪರ್ಫಾರ್ಮೆನ್ಸ್’ ಫಿಲ್ಟರ್ ಇದ್ದರೆ ಆಯಿಲ್ ಜಾಸ್ತಿಯಾಗಿ ಏರ್‌ಫ್ಲೋ ಸೆನ್ಸರ್ ಮೇಲೆ ಕೂತಿರಬಹುದು. ಆ ಸೆನ್ಸರಿಗೆ ಅದಕ್ಕೆಂದೇ ಸಿಗುವ ಸ್ಪ್ರೇ ಮಾತ್ರ ಹೊಡೆಯಬೇಕು, ಕಾರ್ಬ್ಯುರೇಟರ್ ಕ್ಲೀನರ್ ಅಲ್ಲ. ನಮ್ಮ ಧೂಳಿಗೆ ಕಂಪನಿಯ ಕಾಗದದ ಫಿಲ್ಟರೇ ಮೇಲು. ಅದರಿಂದ ಕಳೆದುಕೊಳ್ಳುವ ಶಕ್ತಿ ನಗಣ್ಯ, ಉಳಿಯುವುದು ಪಿಸ್ಟನ್ ರಿಂಗು.

ಆಮೇಲೆ ಒಬಿಡಿಯಲ್ಲಿ ಒಳಬರುವ ಗಾಳಿಯ ಉಷ್ಣತೆ ನೋಡಿ. ಓಡುವಾಗ ಹೊರಗಿನ ಗಾಳಿಗಿಂತ 10–15 ಡಿಗ್ರಿ ಹೆಚ್ಚಿದ್ದರೆ ಪರವಾಗಿಲ್ಲ. ಹೊರಗೆ 40 ಇದ್ದು ಒಳಗೆ 65 ದಾಟಿದರೆ ಹೆಚ್ಚಿನ ಇಸಿಯುಗಳು ಕಿಡಿಯ ಟೈಮಿಂಗ್ ಹಿಂದೆ ತಳ್ಳುತ್ತವೆ. ನಿಮಗೆ ‘ಪಿಕಪ್ ಇಲ್ಲ’ ಎಂದು ಕಾಣುವುದು ಅದೇ. ಟರ್ಬೊ ಇಲ್ಲದ ಗಾಡಿಯಲ್ಲಿ ಇದಕ್ಕೆ ಸಾಮಾನ್ಯ ಕಾರಣ ಬಾನೆಟ್ ಒಳಗೇ ಬಾಯ್ತೆರೆದ ಕೋನ್ ಫಿಲ್ಟರ್: ರೇಡಿಯೇಟರಿನ ಬಿಸಿಗಾಳಿಯನ್ನೇ ಕುಡಿಯುತ್ತಿರುತ್ತದೆ. ಸುತ್ತ ತಗಡಿನ ಪೆಟ್ಟಿಗೆ ಕಟ್ಟಿ, ಬಂಪರಿನಿಂದ ಪೈಪ್ ಎಳೆಯಿರಿ. ಟರ್ಬೊ ಗಾಡಿಯಲ್ಲಿ ಟರ್ಬೊದ ಬಿಸಿಗಾಳಿ ತಣಿಸುವ ಇಂಟರ್‌ಕೂಲರಿನ ರೆಕ್ಕೆಗಳ ನಡುವೆ ಧೂಳು ತುಂಬಿದೆಯೇ ನೋಡಿ, ಟರ್ಬೊದಿಂದ ಥ್ರಾಟಲ್ ತನಕ ಇರುವ ಪ್ರತಿ ಹೋಸ್ ಕ್ಲಿಪ್ ಕೈಯಲ್ಲಿ ತಿರುಗಿಸಿ ನೋಡಿ. ಸೀಳಿದ ಹೋಸಿನ ಸುತ್ತ ಆಯಿಲಿನ ಜಿಡ್ಡು ಮೆತ್ತಿರುತ್ತದೆ, ಜೋರಾಗಿ ಒತ್ತಿದಾಗ ಸುಸ್ಸೆಂಬ ಸದ್ದು ಬರುತ್ತದೆ.

ಇಷ್ಟೂ ಸರಿ ಇದ್ದು, ಎಳೆಯುವಾಗ ಡಬ್ಬಿಯೊಳಗೆ ಗಾಜಿನ ಗೋಲಿ ಅಲುಗಿದ ಹಾಗೆ ಕಿಣಿಕಿಣಿ ಸದ್ದು ಬಂದರೆ ಅದು ನಾಕಿಂಗ್, ಅಂದರೆ ಇಂಧನ ಕ್ರಮ ತಪ್ಪಿ ತಾನಾಗಿ ಸಿಡಿಯುತ್ತಿದೆ. ಆ ಕ್ಷಣವೇ ಕಾಲು ತೆಗೆಯಿರಿ. ಯಾವ ಆಕ್ಟೇನಿನ (ನಾಕಿಂಗ್ ತಡೆಯುವ ಗುಣದ ಅಂಕಿ) ಪೆಟ್ರೋಲಿಗೆ ಮ್ಯಾಪ್ ಮಾಡಿಸಿದ್ದೀರೋ ಅದನ್ನೇ ಹಾಕಿದ್ದೀರಾ? ಹಳೆಯ ಮ್ಯಾಪಿಗೆ ಇನ್ನೊಂದು ತಾಪತ್ರಯ ಇ20, ಅಂದರೆ 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಇಲ್ಲದ ಪೆಟ್ರೋಲಿಗೆ ಗಾಳಿ-ಇಂಧನದ ತಕ್ಕ ಪ್ರಮಾಣ 14.7ಕ್ಕೆ 1, ಇ20ಗೆ ಸುಮಾರು 13.5ಕ್ಕೆ 1. ಮೆಲ್ಲಗೆ ಓಡುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಈ ಕೊರತೆ ತುಂಬಿಸುತ್ತದೆ. ಪೂರ್ತಿ ಒತ್ತಿದಾಗ ಹೆಚ್ಚಿನ ಇಸಿಯುಗಳು ಸೆನ್ಸರ್ ಬಿಟ್ಟು ಕೋಷ್ಟಕದ ಅಂಕಿಯನ್ನೇ ನಂಬುತ್ತವೆ, ಆಗ ಇಂಧನ ಸಾಲದೆ ಇಂಜಿನ್ ಬಿಸಿಯೇರುತ್ತದೆ. ಒಬಿಡಿಯಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ತಾನಾಗಿ ಹೆಚ್ಚಿಸಿಕೊಂಡ ಇಂಧನದ ಪ್ರಮಾಣ) 10 ಶೇಕಡಾಕ್ಕಿಂತ ಮೇಲಿದ್ದರೆ ಅನುಮಾನ ಗಟ್ಟಿ. ಮ್ಯಾಪ್ ಮಾಡಿದವರ ಬಳಿ ಹೋಗಬೇಕಾದ್ದು ಈಗ.

“ಟೆಂಪರೇಚರ್ ಮುಳ್ಳು ಮ್ಯಾಲೆ ಹೊಂಟೈತಿ”

ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಿ ಕೂರಬೇಡಿ. ಬಹಳ ಗಾಡಿಗಳಲ್ಲಿ ಅದು 80ರಿಂದ 105ರ ತನಕ ನಡುವಲ್ಲೇ ನಿಂತಿದ್ದು ಆಮೇಲೆ ಒಮ್ಮೆಲೇ ಏರುತ್ತದೆ. ಒಬಿಡಿ ಅಂಕಿ ಫೋನಿನಲ್ಲಿ ಕಾಣುವಂತಿರಲಿ, ಮೇಲೆ ಹೋದರೆ ಎಚ್ಚರಿಸುವ ಅಲಾರಂ ಇಟ್ಟಿರಿ. 90–100 ಸಹಜ. 105 ಮುಟ್ಟಿದರೆ ಒಂದು ಲ್ಯಾಪ್ ನಿಧಾನ ಓಡಿಸಿ. 110ಕ್ಕೆ ಹೊರಗೆ ಬನ್ನಿ.

ಕಾವು ಏರುವುದು ಎಲ್ಲಿ ಎಂಬುದೇ ಇಲ್ಲಿ ಮುಖ್ಯ ಸುಳಿವು. ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕದ ನಿಲ್ದಾಣ) ನಿಂತಾಗ ಏರಿ ಓಡುವಾಗ ಇಳಿದರೆ ಫ್ಯಾನ್ ಕಡೆ ನೋಡಿ: ಫ್ಯೂಸ್, ರಿಲೇ, ಕನೆಕ್ಟರ್. ಎಸಿ ಹಾಕಿದರೆ ಫ್ಯಾನ್ ತಿರುಗಲೇಬೇಕು. ಎಸಿ ಕಿತ್ತು ಹಾಕಿದ ಗಾಡಿಯಾದರೆ ವೈರಿಂಗ್ ಮಾಡುವಾಗ ಫ್ಯಾನಿನ ಸಿಗ್ನಲ್ಲೂ ಕಡಿದಿದ್ದಾರಾ ನೋಡಿ. ಅದಕ್ಕೆ ತದ್ವಿರುದ್ಧವಾಗಿ ವೇಗದಲ್ಲಿ ಏರಿ ನಿಂತಾಗ ಇಳಿದರೆ ಫ್ಯಾನ್ ತಪ್ಪಲ್ಲ. 60 ಕಿ.ಮೀ. ವೇಗದ ಮೇಲೆ ಓಡುವಾಗ ಗಾಳಿಯೇ ಸಾಕು. ಆಗ ರೇಡಿಯೇಟರ್, ಥರ್ಮೋಸ್ಟಾಟ್ (ಕಾವಿಗೆ ತಕ್ಕಂತೆ ಕೂಲೆಂಟಿನ ದಾರಿ ತೆರೆಯುವ ಕವಾಟ), ವಾಟರ್ ಪಂಪ್ ಸರದಿ.

ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡುವುದು ಎಲ್ಲಕ್ಕಿಂತ ಮೊದಲು. ಕಡಿಮೆಯಿದ್ದರೆ ತುಂಬಿಸಿ ಸುಮ್ಮನಾಗದೆ ಹೋಗಿದ್ದೆಲ್ಲಿ ಎಂದು ಹುಡುಕಿ. ಬೋರ್ ನೀರು ಹಾಕಬೇಡಿ. ನಮ್ಮ ಕಡೆಯ ಗಡಸು ನೀರು ಒಳಗೆ ಬಿಳಿ ಪದರ ಕಟ್ಟುತ್ತದೆ, ಒಮ್ಮೆ ಕಟ್ಟಿದರೆ ಅಲ್ಯೂಮಿನಿಯಂ ರೇಡಿಯೇಟರಿನಿಂದ ಬಿಡಿಸುವುದು ಕಷ್ಟ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಎಂಬುದು ಸಾಮಾನ್ಯ ಲೆಕ್ಕ. ಹೆಪ್ಪುಗಟ್ಟುವ ಚಳಿ ಇಲ್ಲದ ನಮ್ಮ ಊರಿಗೆ 30 ಕೂಲೆಂಟ್, 70 ನೀರು ಹಾಕಿದರೆ ಕಾವು ಇನ್ನೂ ಚೆನ್ನಾಗಿ ಹೊರಹೋಗುತ್ತದೆ. ಕೂಲೆಂಟ್ ಪೂರ್ತಿ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಅಗ್ಗದ್ದೆಂದು ಕಡೆಗಣಿಸುವ ಇನ್ನೊಂದು ಸಾಮಾನು ರೇಡಿಯೇಟರ್ ಕ್ಯಾಪ್. ಅದು 1.1 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ ಸುಮಾರು 120 ಡಿಗ್ರಿಯ ತನಕ ಕುದಿಯುವುದಿಲ್ಲ. ರಬ್ಬರ್ ಒಣಗಿ ಸೀಳಿದ್ದರೆ ನೂರರ ಹತ್ತಿರವೇ ಕುದಿದು ಟ್ಯಾಂಕಿನಿಂದ ಉಕ್ಕುತ್ತದೆ. ಮುಟ್ಟಿ ನೋಡಿ, ಗಟ್ಟಿಯಾಗಿದ್ದರೆ ಬದಲಿಸಿ.

ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಹೊರಗಿಂದ ಚೊಕ್ಕವಾಗಿ ಕಂಡರೂ ಅಲ್ಲಿ ಅರಳೆ, ಹೊಟ್ಟು, ಕೆಂಪು ಮಣ್ಣು ಸೇರಿ ಚಾಪೆ ಹಾಸಿಕೊಂಡಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆಯ ನೀರಿನಲ್ಲಿ ತೊಳೆಯಿರಿ. ವಾಷಿಂಗ್ ಸೆಂಟರಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ಇದ್ದ ದಾರಿಯೂ ಮುಚ್ಚುತ್ತದೆ. ಲಾರಿ ಓಡಾಟದ ಊರುಗಳಲ್ಲಿ ಒಳ್ಳೆಯ ರೇಡಿಯೇಟರ್ ಕೆಲಸಗಾರರು ಸಿಗುತ್ತಾರೆ. ಆದರೆ ಹಳೆಯ ತಾಮ್ರದ ರೇಡಿಯೇಟರಿನ ಕೊಳವೆಗೆ ಸರಳು ಹಾಕಿ ಬಿಡಿಸುವ ಕೆಲಸ ಪ್ಲಾಸ್ಟಿಕ್ ಟ್ಯಾಂಕ್ ಒತ್ತಿ ಕೂಡಿಸಿದ ಅಲ್ಯೂಮಿನಿಯಂ ರೇಡಿಯೇಟರಿಗೆ ನಡೆಯುವುದಿಲ್ಲ. ಅದಕ್ಕೆ ಹೊಸದೇ ಗತಿ.

ಇಂಜಿನ್ ಕಾದ ಮೇಲೂ ಮೇಲಿನ ಹೋಸ್ ಸುಡುತ್ತಾ ಕೆಳಗಿನದು ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲವೇ ರೇಡಿಯೇಟರ್ ಒಳಗೇ ಕಟ್ಟಿದೆ. ಥರ್ಮೋಸ್ಟಾಟನ್ನು ಬಿಸಿನೀರಿಗೆ ಹಾಕಿ ಪರೀಕ್ಷಿಸಬಹುದು, ಅದರ ಮೇಲೆ ಕೆತ್ತಿದ ಡಿಗ್ರಿಗೆ ಬಾಯಿ ಬಿಡಬೇಕು. ಅದನ್ನು ಕಿತ್ತೆಸೆದು ಓಡಿಸುವುದು ನಮ್ಮ ಕಡೆಯ ಹಳೆಯ ಚಾಳಿ. ಇದರಿಂದ ಲಾಭವಿಲ್ಲ: ಇಂಜಿನ್ ಸರಿಯಾದ ಕಾವಿಗೇ ಬರುವುದಿಲ್ಲ, ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ.

ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದ ನಿಮಿಷದೊಳಗೆ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಡಿಪ್‌ಸ್ಟಿಕ್‌ನಲ್ಲಿ ಹಾಲುಬಣ್ಣದ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ. ಆ ದಿನದ ಓಟ ಅಲ್ಲಿಗೆ ಮುಗಿಯಿತು.

ಎಚ್ಚರಿಕೆ ಎರಡು. ಕಾದ ಕ್ಯಾಪ್ ತೆಗೆಯಬೇಡಿ. ಹೋಸನ್ನು ಬರಿಗೈಲಿ ಹಿಡಿಯುವಷ್ಟು ತಣ್ಣಗಾಗಲಿ, ಬಿಸಿಲಲ್ಲಿ ಅದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಮತ್ತು ಏರುತ್ತಿದ್ದ ಅಂಕಿ ಒಮ್ಮೆಲೇ ದಡಕ್ಕನೆ ಇಳಿದರೆ ಸಮಾಧಾನಪಡಬೇಡಿ. ಕೂಲೆಂಟ್ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತಿದೆ ಎಂದರ್ಥ. ತಕ್ಷಣ ಇಂಜಿನ್ ಆಫ್ ಮಾಡಿ.

“ಉದ್ದ ತಿರುವಿನ್ಯಾಗ ಆಯಿಲ್ ಲೈಟ್ ಮಿಣುಕತೈತಿ”

ಇದಕ್ಕೆ ಎರಡನೇ ಯೋಚನೆ ಇಲ್ಲ. ಅಕ್ಸಿಲರೇಟರ್ ಬಿಡಿ, ಕ್ಲಚ್ ಒತ್ತಿ, ಟ್ರ್ಯಾಕಿನಿಂದ ಸುರಕ್ಷಿತವಾಗಿ ಸರಿದು ಇಂಜಿನ್ ಆಫ್ ಮಾಡಿ. ಆಯಿಲ್ ಪ್ರೆಷರ್ ಇಲ್ಲದೆ ಹೆಚ್ಚು ಆರ್‌ಪಿಎಂನಲ್ಲಿ ಕೆಲವು ಸೆಕೆಂಡು ಓಡಿದರೂ ಬೇರಿಂಗ್ ಉಳಿಯುವುದಿಲ್ಲ.

ಸಣ್ಣ ಹ್ಯಾಚ್‌ಬ್ಯಾಕ್ ಇಂಜಿನ್‌ನಲ್ಲಿ ಇರುವುದೇ ಸುಮಾರು 3 ಲೀಟರ್ ಆಯಿಲ್. ಜಿಗುಟು ಟೈರ್ ಹಾಕಿದ ಗಾಡಿ ಉದ್ದ ತಿರುವಿನಲ್ಲಿ ಒಂದೇ ಸಮನೆ ವಾಲಿದಾಗ ಆಯಿಲ್ ಸಂಪಿನ (ಇಂಜಿನ್ ತಳದ ಆಯಿಲ್ ತಟ್ಟೆ) ಒಂದು ಗೋಡೆಗೆ ಏರಿ, ಪಂಪಿನ ಬಾಯಿ ಗಾಳಿ ಎಳೆಯುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ರಸ್ತೆಗೆ ಎರಡು ಗೆರೆಗಳ ನಡುವೆ ಇದ್ದರೆ ಸಾಕು, ಟ್ರ್ಯಾಕಿಗೆ ಮೇಲಿನ ಗೆರೆಯ ಸಮಕ್ಕೇ ಇರಬೇಕು. ಅದಕ್ಕೂ ಮೇಲೆ ಸುರಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಪ್ರೆಷರ್ ನಿಲ್ಲುವುದಿಲ್ಲ. ಮಟ್ಟ ಸರಿ ಇದ್ದೂ ಮಿಣುಕಿದರೆ ಸಂಪಿಗೆ ಒಳತಡೆ, ಅಂದರೆ ಬ್ಯಾಫಲ್ ಬೆಸೆಸಬೇಕು.

ತಿರುವಿನಲ್ಲಿ ಅಲ್ಲದೆ, ಬಿಸಿಯಾದ ಗಾಡಿ ನಿಂತು ಐಡಲ್‌ನಲ್ಲಿರುವಾಗ ಮಿಣುಕಿದರೆ ಕಥೆ ಬೇರೆ: ಆಯಿಲ್ ಕಾದು ನೀರಿನಂತೆ ತೆಳುವಾಗಿದೆ, ಇಲ್ಲವೇ ಬೇರಿಂಗ್ ಸವೆದಿದೆ. ಕಂಪನಿಯ ಪುಸ್ತಕ ಒಪ್ಪುವುದಾದರೆ 5ಡಬ್ಲ್ಯು-30 ಬದಲು, ಕಾದಾಗ ಅದಕ್ಕಿಂತ ದಪ್ಪ ಉಳಿಯುವ 5ಡಬ್ಲ್ಯು-40 ಹಾಕಿ ನೋಡಿ. ಹಾಗೂ ಮಿಣುಕಿದರೆ ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ. ಬಿಸಿಲಿಗೆ ಹಿಡಿದಾಗ ಮಿನುಗುವ ಪುಡಿ ಕಂಡರೆ ಸ್ಟಾರ್ಟ್ ಕೂಡ ಮಾಡಬೇಡಿ. ಇಂಜಿನ್ ಬಿಚ್ಚುವವರ ಕೆಲಸ ಅದು.

“ಬ್ರೇಕ್ ಒತ್ತಿದ್ರ ಪೆಡಲ್ ಒಳಗ ಹೊಂಟೈತಿ” ಮತ್ತು “ಪೆಡಲ್ ಗಟ್ಟಿ ಐತಿ, ಗಾಡಿ ನಿಂದ್ರವಲ್ದು”

ಈ ಎರಡೂ ಒಂದೇ ಎಂದುಕೊಂಡು ಪ್ಯಾಡ್ ಬದಲಿಸುವವರೇ ಹೆಚ್ಚು. ಎರಡೂ ಬೇರೆ ಬೇರೆ.

ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ. ಕುದಿದಾಗ ಆವಿ ಗುಳ್ಳೆಯಾಗುತ್ತದೆ, ಗುಳ್ಳೆಯನ್ನು ಒತ್ತಿದರೆ ಒತ್ತಡ ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರಿಗೆ ಹೋಗದು. ಬ್ರೇಕ್ ಆಯಿಲಿನ ದರ್ಜೆಗಳಲ್ಲಿ ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ಡಾಟ್ 4 ಆದರೆ 230, ಡಾಟ್ 5.1 ಆದರೆ 260 ಡಿಗ್ರಿಯ ತನಕ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಇದೇ ಅಂಕಿಗಳು 140, 155, 180ಕ್ಕೆ ಇಳಿಯುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುವ ಜಾತಿಯದು. ಎರಡು ಮಳೆಗಾಲ ಕಂಡ ಡಾಟ್ 4ಗಿಂತ ನಿನ್ನೆ ಸೀಲ್ ಒಡೆದ ಡಾಟ್ 3 ಮೇಲು. ಪ್ರತಿ ಸ್ಪರ್ಧೆಗೂ ಮೊದಲು ಪೂರ್ತಿ ಬದಲಿಸಿ, ಅರ್ಧದಿಂದ ಒಂದು ಲೀಟರ್ ಹಿಡಿಯುತ್ತದೆ. ಮಿಕ್ಕಿದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡಬೇಡಿ. ಸಿಲಿಕೋನಿನ ಡಾಟ್ 5 ಬೇರೆಯೇ ವಸ್ತು, ಇದರ ಜೊತೆ ಬೆರೆಸಬಾರದು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಪೇಂಟ್ ಏಳುತ್ತದೆ.

ಬ್ಲೀಡ್ ಮಾಡುವ, ಅಂದರೆ ಹಳೆಯ ಆಯಿಲ್ ಮತ್ತು ಗಾಳಿ ಹೊರತೆಗೆಯುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಪುಸ್ತಕದಲ್ಲಿರುವಂತೆ ಮಾಡಿ. ಪಾರದರ್ಶಕ ಪೈಪ್ ಹಾಕಿ, ಗುಳ್ಳೆ ನಿಂತು ಹೊಸ ಬಣ್ಣದ ಆಯಿಲ್ ಬರುವ ತನಕ ಬಿಡಿ. ಮೇಲಿನ ಡಬ್ಬಿ ನಡುವೆ ಖಾಲಿಯಾದರೆ ಮತ್ತೆ ಮೊದಲಿನಿಂದ.

ಪೆಡಲ್ ಎತ್ತರ ಹಾಗೇ ಇದ್ದು, ಎಷ್ಟು ತುಳಿದರೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ತನ್ನ ಕಾವಿನ ಮಿತಿ ದಾಟಿದೆ. ಸುಟ್ಟ ವಾಸನೆ, ಕೆಲವೊಮ್ಮೆ ಹೊಗೆ. ಆಯಿಲ್ ಬದಲಿಸಿದರೆ ಇದು ಸರಿಹೋಗದು, ಟ್ರ್ಯಾಕಿಗೆಂದು ಮಾಡಿದ ಪ್ಯಾಡ್ ಬೇಕು. ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಕಾವು ತಡೆಯುವ ದಪ್ಪವಿಲ್ಲದೆ ಆಯಿಲ್ ಕೂಡ ಬೇಗ ಕುದಿಯುತ್ತದೆ, ಅಂದರೆ ಒಂದು ದೋಷ ಇನ್ನೊಂದನ್ನು ಎಳೆದು ತರುತ್ತದೆ. ಹೊಸ ಪ್ಯಾಡನ್ನು ಮೊದಲ ಸೆಷನ್ನಿನಲ್ಲಿ ಹದಕ್ಕೆ ತರಬೇಕು: ವೇಗವನ್ನು 80 ಕಿ.ಮೀ.ಯಿಂದ 20ಕ್ಕೆ ಎಂಟ್ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಒಂದು ಲ್ಯಾಪ್ ಬ್ರೇಕ್ ಹೆಚ್ಚು ಮುಟ್ಟದೆ ತಣಿಸಿ.

ಮೂರನೆಯ ಬಗೆಯೂ ಇದೆ. ಮೊದಲ ಸಲ ತುಳಿದಾಗ ಪೆಡಲ್ ಉದ್ದ ಹೋಗಿ, ಎರಡನೇ ಸಲ ಗಟ್ಟಿಯಾಗಿ ಸಿಗುತ್ತದೆ, ಅದೂ ತಿರುವು ಮುಗಿದ ಮೇಲೆ. ಡಿಸ್ಕ್ ಅಲುಗಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆ. ಗಾಡಿ ಎತ್ತಿ ಚಕ್ರವನ್ನು ಹನ್ನೆರಡು-ಆರು ಗಂಟೆಯ ಜಾಗದಲ್ಲಿ ಹಿಡಿದು ಅಲುಗಿಸಿ, ಆಡಿದರೆ ವೀಲ್ ಬೇರಿಂಗ್. ಜಾಕ್ ಒಂದನ್ನೇ ನಂಬಿ ಗಾಡಿಯಡಿ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ.

ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗಿದರೆ ‘ಡಿಸ್ಕ್ ಬೆಂಡ್’ ಎಂದು ಲೇತಿಗೆ ಕೊಂಡೊಯ್ಯುವ ಮೊದಲು ಡಿಸ್ಕ್ ಮೇಲ್ಮೈ ನೋಡಿ. ಬಹಳ ಸಲ ಪ್ಯಾಡಿನ ಮಸಿ ಒಂದೆಡೆ ದಪ್ಪಗೆ ಅಂಟಿರುತ್ತದೆ. ಕೆಂಡದಂತಿರುವ ಬ್ರೇಕಿನಲ್ಲಿ ಪೆಡಲ್ ಒತ್ತಿಕೊಂಡು ಪಿಟ್‌ನಲ್ಲಿ ನಿಂತರೆ ಆಗುವುದೇ ಅದು. ಲ್ಯಾಪ್ ಮುಗಿಸಿ ಬಂದ ಮೇಲೆ ಪೆಡಲ್ ಬಿಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿಟ್ಟು ಚಕ್ರಕ್ಕೆ ಅಡೆ ಕೊಡಿ.

ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುವಾಗ ಡಿಸ್ಕಿನ ಹೊಳೆಯುವ ಮುಖಕ್ಕೆ ಗುರಿ ಇಡಬೇಡಿ, ಹೊಳೆಯುವ ಲೋಹದ ಮೇಲೆ ಅದು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಡಿಸ್ಕಿನ ಮಾಸಿದ ಅಂಚಿಗೆ ಹಿಡಿಯಿರಿ. ಎಡ-ಬಲದ ಮುಂಚಕ್ರಗಳ ನಡುವೆ 50 ಡಿಗ್ರಿಗಿಂತ ಹೆಚ್ಚು ಅಂತರ ಕಂಡರೆ ಬಿಸಿ ಇರುವ ಕಡೆಯ ಕ್ಯಾಲಿಪರ್ ಪಿನ್ ಹಿಡಿದುಕೊಂಡಿರಬಹುದು. ಬಿಚ್ಚಿ, ಕೆಂಪು ಮಣ್ಣು ಒರೆಸಿ, ಬ್ರೇಕಿನ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರ್ ಉಬ್ಬಿಸುತ್ತದೆ.

ಬ್ಲೀಡ್ ಮಾಡಿದ ಮೇಲೂ ಪೆಡಲ್ ಮೆಲ್ಲಗೆ ಇಳಿಯುತ್ತಲೇ ಹೋದರೆ, ಎಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿದೆ. ಆ ಗಾಡಿ ಓಡಿಸಬಾರದು.

“ಗಾಡಿ ತಿರುಗವಲ್ದು, ನೆಟ್ಟಗ ಹೊಂಟೈತಿ”

ಇದಕ್ಕೆ ಮೊದಲ ಔಷಧ ಗೇಜ್. ಬೆಳಗ್ಗೆ ತಣ್ಣಗಿದ್ದಾಗ 33 ಪಿಎಸ್‌ಐ ಹಾಕಿದ ಟೈರ್ ನಾಲ್ಕು ಲ್ಯಾಪ್ ಆದ ಮೇಲೆ 40 ದಾಟಿರುತ್ತದೆ. ಟೈರಿನೊಳಗಿನ ಗಾಳಿ ಐದಾರು ಡಿಗ್ರಿ ಕಾದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಟ್ರ್ಯಾಕಿಗೆ ಬೇಕಾದ್ದು ಬಿಸಿಯಾದಾಗಿನ ಒತ್ತಡ. ಸಣ್ಣ ಹ್ಯಾಚ್‌ಬ್ಯಾಕಿನ ರೋಡ್ ಟೈರಿಗೆ ಬಿಸಿಯಲ್ಲಿ 34–36ರಿಂದ ಶುರು ಮಾಡಿ, ಪಿಟ್‌ಗೆ ಬಂದ ಎರಡು ನಿಮಿಷದೊಳಗೆ ಅಳೆದು ಹೆಚ್ಚಿನದು ಬಿಡಿ. ಆದರೆ ಹಾಗೆ ಬಿಟ್ಟ ಟೈರ್ ಸಂಜೆ ತಣ್ಣಗಾದಾಗ 27–28ಕ್ಕೆ ಇಳಿದಿರುತ್ತದೆ. ಊರಿಗೆ ಹೊರಡುವ ಮೊದಲು ಮರೆಯದೆ ತುಂಬಿಸಿ.

ಎಷ್ಟು ಸರಿ ಎಂದು ತಿಳಿಯಲು ಸೀಮೆಸುಣ್ಣ. ಟೈರಿನ ಅಂಚಿನ ಮೇಲಿಂದ ಪಕ್ಕದ ಗೋಡೆಯ ಮೇಲೆ ಇಳಿಯುವಂತೆ ಮೂರು ಕಡೆ ಗೆರೆ ಎಳೆಯಿರಿ. ಎರಡು ಲ್ಯಾಪ್ ಆದ ಮೇಲೆ ಪಕ್ಕದ ಗೋಡೆಯ ಮೇಲಿನ ಗೆರೆಯೂ ಅಳಿಸಿದ್ದರೆ ಗಾಳಿ ಕಡಿಮೆ, ಟೈರ್ ಮಡಚಿಕೊಳ್ಳುತ್ತಿದೆ. ಅಂಚಿನ ಗೆರೆಯೂ ಹಾಗೇ ಉಳಿದಿದ್ದರೆ ಗಾಳಿ ಹೆಚ್ಚು. ಅಂಚು ಮಾತ್ರ ಅಳಿಸಿದ್ದರೆ ಸರಿ.

ಮುಂದಿನ ಟೈರಿನ ಹೊರ ಅಂಚು ಮಾತ್ರ ತಿಂದುಹೋಗುತ್ತಿದ್ದರೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿದ ಕೋನ) ಸಾಲದು. ಕಂಪನಿ ಗಾಡಿಯಲ್ಲಿ ಮುಂಚಕ್ರ ಹೆಚ್ಚುಕಡಿಮೆ ನೆಟ್ಟಗಿರುತ್ತದೆ, ಟ್ರ್ಯಾಕಿಗೆ ಮೈನಸ್ 2 ಡಿಗ್ರಿ ಆಸುಪಾಸು ಬೇಕು. ಕ್ಯಾಂಬರ್ ಬೋಲ್ಟ್ ಅಗ್ಗದ ದಾರಿ, ಒಂದರಿಂದ ಒಂದೂವರೆ ಡಿಗ್ರಿ ಸಿಗುತ್ತದೆ. ಹಾಕಿದ ಮೇಲೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗಿರುತ್ತದೆ, ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಒಂದೇ ದಿನದಲ್ಲಿ ಟೈರ್ ಗರಗಸದ ಹಲ್ಲಿನಂತಾಗುತ್ತದೆ.

ತಿರುವಿನ ನಡುವೆ ಒಮ್ಮೆಲೇ ಹಿಡಿತ ತಪ್ಪಿದರೆ ಸ್ಪ್ರಿಂಗ್ ನೋಡಿ. ಗಾಡಿ ತುಂಬ ತಗ್ಗಿಸಿದಾಗ ಸಸ್ಪೆನ್ಷನ್ ತಳ ಮುಟ್ಟಿ ಬಂಪ್ ಸ್ಟಾಪ್ (ಕೊನೆಯ ರಬ್ಬರ್ ತಡೆ) ಮೇಲೆ ಕೂರುತ್ತದೆ, ಅಲ್ಲಿಂದ ಮುಂದೆ ಅದು ಸ್ಪ್ರಿಂಗಲ್ಲ, ಕಟ್ಟೆ. ಶಾಕ್ ಅಬ್ಸಾರ್ಬರಿನ ಸರಳಿಗೆ ಒಂದು ಕೇಬಲ್ ಟೈ ಬಿಗಿದು ಕೆಳಕ್ಕೆ ತಳ್ಳಿಡಿ. ಓಡಿ ಬಂದ ಮೇಲೆ ಅದು ಬಂಪ್ ಸ್ಟಾಪಿಗೆ ಹತ್ತಿ ಕೂತಿದ್ದರೆ ಉತ್ತರ ಸಿಕ್ಕಿತು.

ವೀಲ್ ಬೋಲ್ಟ್ ಮೊದಲ ಸೆಷನ್ ಆದ ಮೇಲೆ, ತಣ್ಣಗಾದಾಗ ಮತ್ತೆ ಟಾರ್ಕ್ ರೆಂಚಲ್ಲಿ ನೋಡಬೇಕು. ಪೋಲೊಗೆ 120 ನ್ಯೂಟನ್ ಮೀಟರ್, ಮಿಕ್ಕವಕ್ಕೆ ಪುಸ್ತಕದಲ್ಲಿರುವಷ್ಟು. ಪಂಕ್ಚರ್ ಅಂಗಡಿಯ ಗಾಳಿ ಗನ್ನಿನ ಬಿಗಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಟೈರ್ ಪಕ್ಕದ ನಾಲ್ಕಂಕಿ ಕೂಡ ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಪಕ್ಕದ ಗೋಡೆ ಉಬ್ಬಿದ್ದರೆ, ದಾರ ಕಂಡರೆ ಅಲ್ಲೇ ನಿಲ್ಲಿಸಿ.

“ಮಿಸ್ ಹೊಡಿಯಾಕತ್ತೈತಿ”

ತಿರುವಿನಿಂದ ಹೊರಬರುವಾಗ ಮಾತ್ರ ಒಂದೆರಡು ಸೆಕೆಂಡು ಮುಗ್ಗರಿಸಿದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ನೋಡಿ. ಕಾಲು ಟ್ಯಾಂಕಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪಿಗೆ ಸಿಗುವುದಿಲ್ಲ. ತೂಕ ಉಳಿಸಲು ಕಡಿಮೆ ಹಾಕಿಕೊಂಡು ಬರುವವರಿಗೆ ಇದು ತಪ್ಪಿದ್ದಲ್ಲ. ಅರ್ಧ ಟ್ಯಾಂಕ್ ಹಾಕಿ ಮತ್ತೆ ಓಡಿಸಿ.

ನೇರ ದಾರಿಯಲ್ಲಿ, ಹೆಚ್ಚು ಆರ್‌ಪಿಎಂನಲ್ಲಿ ಆದರೆ ಕೋಡ್ ಓದಿ. ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೆ. ಆ ಸಿಲಿಂಡರಿನ ಕಾಯಿಲ್ (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವುದು) ತೆಗೆದು ಪಕ್ಕದ್ದಕ್ಕೆ ಹಾಕಿ, ಕೋಡ್ ಅಳಿಸಿ, ಮತ್ತೆ ಓಡಿಸಿ. ಕೋಡ್ ಕಾಯಿಲ್ ಜೊತೆ ಸರಿದರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿದರೆ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಬೂಸ್ಟ್ (ಟರ್ಬೊದ ಗಾಳಿ ಒತ್ತಡ) ಏರಿಸಿದ ಟರ್ಬೊ ಗಾಡಿಯಲ್ಲಿ ಪ್ಲಗ್ ಗ್ಯಾಪ್ 0.7 ಮಿ.ಮೀ. ಹತ್ತಿರಕ್ಕೆ ಇಳಿಸಬೇಕಾಗುತ್ತದೆ, ಹೆಚ್ಚಿದ ಒತ್ತಡದಲ್ಲಿ ಅಗಲ ಗ್ಯಾಪನ್ನು ಕಿಡಿ ದಾಟುವುದಿಲ್ಲ.

ಪ್ಲಗ್ ತೆಗೆದಾಗ ಬಣ್ಣ ಓದಿ. ತಿಳಿ ಕಂದು ಸರಿ. ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಕಾವು ಹೆಚ್ಚು, ಪೆಟ್ರೋಲ್ ಕಡಿಮೆ. ಬಿಳಿ ಪಿಂಗಾಣಿಯ ಮೇಲೆ ಮಿರುಗುವ ಸಣ್ಣ ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಮುಂದೆ ಒಂದು ಲ್ಯಾಪ್ ಕೂಡ ಬೇಡ.

ಪೆಟ್ರೋಲ್ ವಾಸನೆ ಬಂದರೆ ಕೋಡು-ಗೀಡು ಬಿಟ್ಟು ಮೊದಲು ಇಂಜಿನ್ ಆಫ್ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿಟ್ಟುಕೊಂಡು ಸೋರಿಕೆ ಹುಡುಕಿ.

“ಇಂಜಿನ್ ಕೂಗತೈತಿ, ಗಾಡಿ ಓಡವಲ್ದು”

ತಿರುವಿನಲ್ಲಿ, ಎರಡನೇ ಗೇರಲ್ಲಿ ಮಾತ್ರ ಆದರೆ ಒಳಬದಿಯ ಚಕ್ರ ಸುಮ್ಮನೆ ತಿರುಗುತ್ತಿದೆ, ಕ್ಲಚ್ ತಪ್ಪಿಲ್ಲ. ನೇರದಲ್ಲಿ ನಾಲ್ಕನೇ ಗೇರಲ್ಲಿ 50 ಕಿ.ಮೀ. ವೇಗದಿಂದ ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ಹಾರಿ ವೇಗ ಅಲ್ಲೇ ನಿಂತರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಕೇಬಲ್ ಇರುವ ಗಾಡಿಯಲ್ಲಿ ಪೆಡಲ್‌ನ ಫ್ರೀ ಪ್ಲೇ (ಪೆಡಲ್ ಬರಿದೇ ಆಡುವ ಅಂತರ) ಹೊಂದಿಸಿ ನೋಡಿ, ಬಿಗಿ ಕೇಬಲ್ ಕ್ಲಚ್ಚನ್ನು ಸದಾ ಅರ್ಧ ಒತ್ತಿ ಹಿಡಿದಿರುತ್ತದೆ. ಅದರಿಂದ ಸರಿಹೋಗದಿದ್ದರೆ ಗೇರ್‌ಬಾಕ್ಸ್ ಇಳಿಸುವ ಕೆಲಸ. ಇಳಿಸಿದ ಮೇಲೆ ಫ್ಲೈವೀಲ್ ಮುಖ, ಹಿಂದಿನ ಆಯಿಲ್ ಸೀಲ್ ಎರಡನ್ನೂ ನೋಡಿಯೇ ಹೊಸ ಪ್ಲೇಟ್ ಹಾಕಿಸಿ. ಸೋರುವ ಸೀಲ್ ಬಿಟ್ಟರೆ ಹೊಸ ಪ್ಲೇಟಿಗೂ ಆಯಿಲ್ ಕುಡಿಸಿದಂತೆ.

“ಎಲ್ಲಾ ಸರಿ ಐತಿ, ಟೈಮ್ ಮಾತ್ರ ಬರವಲ್ದು”

ಟೈಮ್ ಅಳೆದದ್ದು ಯಾವುದರಲ್ಲಿ? ಬಹಳಷ್ಟು ಫೋನುಗಳ ಜಿಪಿಎಸ್ ಸೆಕೆಂಡಿಗೆ ಒಮ್ಮೆ ಮಾತ್ರ ಜಾಗ ಗುರುತಿಸುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ 33 ಮೀಟರ್ ಹೋಗಿರುತ್ತದೆ, ನಡುವಿನದನ್ನೆಲ್ಲ ಆ್ಯಪ್ ಅಂದಾಜಿನಲ್ಲಿ ತುಂಬುತ್ತದೆ. ಸೆಕೆಂಡಿಗೆ ಹತ್ತು ಸಲ ಗುರುತಿಸುವ ರಿಸೀವರ್ ಫೋನಿಗೆ ಜೋಡಿಸಿದರೆ ಈ ಅಂತರ 3.3 ಮೀಟರಿಗೆ ಇಳಿಯುತ್ತದೆ. ಬರೀ ಫೋನಿನ ಟೈಮಿನಲ್ಲಿ ಎರಡು ಹತ್ತಾಂಶ ಸೆಕೆಂಡು ಹೆಚ್ಚುಕಡಿಮೆ ಬಂತೆಂದು ಸ್ಪ್ಯಾನರ್ ಹಿಡಿಯಬೇಡಿ. ಆಯೋಜಕರು ಗಾಡಿಗೆ ಕಟ್ಟಿ ಟೈಮ್ ಅಳೆಯುವ ಟ್ರಾನ್ಸ್‌ಪಾಂಡರ್ ಟೈಮ್ ಹಾಳೆ ತೆಗೆದುಕೊಂಡು, ಪ್ರತಿ ಲ್ಯಾಪಿನ ಎದುರು ಟೈರ್ ಒತ್ತಡ, ಕೂಲೆಂಟ್ ಡಿಗ್ರಿ, ಒಳಗಾಳಿಯ ಡಿಗ್ರಿ ಬರೆಯಿರಿ. ಮೂರೂ ಅಂಕಿ ನೆಟ್ಟಗಿದ್ದು ಟೈಮ್ ಒಂದೊಂದು ಲ್ಯಾಪಿಗೆ ಒಂದೊಂದು ಥರ ಬರುತ್ತಿದ್ದರೆ ಗಾಡಿಯನ್ನು ಬಿಟ್ಟು, ಬ್ರೇಕ್ ಹಾಕುವ ಜಾಗ ಪ್ರತಿ ಲ್ಯಾಪಿಗೂ ಅದೇ ಇದೆಯೇ ಎಂದು ನೋಡಿ.